ನಿಷ್ಠೆ ಯಾರಿಗೆ?

ಹೈ-ಫೈ ಅನ್ನೋ ಮಾತನ್ನ ನಾವೆಲ್ಲ ಬೇಕಾಬಿಟ್ಟಿ ಬಳಸ್ತೀವಿ. ಹೈ-ಫೈ ಹೋಟೆಲ್ಲು, ಹೈ-ಫೈ ಅಪಾರ್ಟ್‌ಮೆಂಟು, ‘ಅವರು ಸ್ವಲ್ಪ ಹೈ-ಫೈ ಜನ ಕಣೋ, ನಮ್ಮಂಥವರ ಮನೆಗೆಲ್ಲ ಬರಲ್ಲ’. ಬೆಂಗಳೂರಿನ ಕನ್ನಡದಲ್ಲಿ ಈ ಪದಕ್ಕೆ ದುಡ್ಡು, ಜಂಬ ಎರಡೂ ಸೇರಿದ ಒಂದು ಅರ್ಥ ಬಂದುಬಿಟ್ಟಿದೆ. ಆದರೆ ಪದ ನಮಗೆ ಬಂದಿದ್ದು ಸ್ಪೀಕರ್, ಆಂಪ್ಲಿಫೈಯರ್‌ಗಳ ಲೋಕದಿಂದ. ಪೂರ್ತಿ ಹೇಳಿದರೆ ಹೈ ಫಿಡೆಲಿಟಿ. ಫಿಡೆಲಿಟಿ ಅಂದರೆ ನಿಷ್ಠೆ. ಗಂಡ ಹೆಂಡತಿ ನಡುವೆ ಇರಬೇಕಾದ್ದು, ಗೆಳೆಯರ ನಡುವೆ ಇರಬೇಕಾದ್ದು, ಅದೇ ನಿಷ್ಠೆ. ಮರದ ಡಬ್ಬ, ಒಂದು ಅಯಸ್ಕಾಂತ, ಒಂದಿಷ್ಟು ತಾಮ್ರದ ತಂತಿ, ಕಾಗದದ ಒಂದು ಶಂಕು – ಇವಕ್ಕೆ ಎಂಥ ನಿಷ್ಠೆ? ಅದೂ ಯಾರಿಗೆ?

ಅಂಗಡಿಯಿಂದ ಸ್ಪೀಕರ್ ಕೊಂಡು ತಂದರೆ ಈ ಪ್ರಶ್ನೆ ಏಳೋದೇ ಇಲ್ಲ. ಎಲ್ಲೋ ಯಾರೋ ಒಬ್ಬ ಎಂಜಿನಿಯರು ನಮ್ಮ ಪರವಾಗಿ ಉತ್ತರ ಕೊಟ್ಟಾಗಿರುತ್ತೆ. ಬೇಸ್ ಎಷ್ಟಿರಬೇಕು, ಮಾತು ಎಷ್ಟು ಮುಂದೆ ಬರಬೇಕು, ಯಾವುದನ್ನು ಬಿಟ್ಟುಕೊಡಬಹುದು, ಎಲ್ಲ ತೀರ್ಮಾನವೂ ಪ್ಯಾಕಿಂಗ್ ಡಬ್ಬದ ಒಳಗೇ ಬರುತ್ತೆ. ನಾವು ಕೊಡೋದು ಸ್ಟಾರ್ ರೇಟಿಂಗ್ ಅಷ್ಟೆ. ಅದೇ ಸ್ಪೀಕರನ್ನು ನೀವೇ ಕಟ್ಟಿ ನೋಡಿ. ಒಂದೊಂದು ಸ್ಕ್ರೂ ಬಿಗಿಯುವಾಗಲೂ ಯಾರೋ ಕೇಳಿದಂತಾಗುತ್ತೆ: ಇದು ಯಾರಿಗೋಸ್ಕರ?

ನಾನು ಇರೋದು ರಾಜರಾಜೇಶ್ವರಿನಗರದಲ್ಲಿ, ಮೂವತ್ತು ನಲವತ್ತರ ಸೈಟಿನ ಹಳೇ ಮನೆ. ಸೋಮವಾರದಿಂದ ಶುಕ್ರವಾರದವರೆಗೆ ಲ್ಯಾಪ್‌ಟಾಪು. ಅಲ್ಲಿ ನಾನು ಮಾಡೋ ಕೆಲಸವನ್ನು ಕೈಯಲ್ಲಿ ಹಿಡಿದು ತೋರಿಸೋಕೆ ಆಗಲ್ಲ. ಹಾಗಾಗಿ ಶನಿವಾರ ಬಂದರೆ ಏನಾದರೂ ಮುಟ್ಟುವಂಥದ್ದು ಮಾಡಬೇಕು ಅನ್ನಿಸುತ್ತೆ, ನಿಮ್ಮಲ್ಲೂ ಎಷ್ಟೋ ಜನಕ್ಕೆ ಅನ್ನಿಸಿರಬಹುದು. ಕೆಲವರು ಬ್ರೆಡ್ ಸುಡ್ತಾರೆ, ಕೆಲವರು ತಾರಸಿ ಮೇಲೆ ಟೊಮೇಟೊ ಬೆಳೀತಾರೆ. ನಾನು ಸ್ಪೀಕರ್ ಕಟ್ಟೋಕೆ ಹೊರಟೆ. 2021ರಲ್ಲಿ ಮೈಸೂರು ರಸ್ತೆಯ ಮೆಟ್ರೊ ನಮ್ಮ ಕಡೆಗೂ ಬಂದ ಮೇಲೆ ಎಸ್.ಪಿ. ರೋಡು ದೂರ ಅಲ್ಲ. ನೇರಳೆ ಲೈನಲ್ಲಿ ಮೆಜೆಸ್ಟಿಕ್, ಅಲ್ಲಿಂದ ಹಸಿರು ಲೈನಲ್ಲಿ ಚಿಕ್ಕಪೇಟೆ, ಆಮೇಲೆ ನಡಿಗೆ. ಕೆಪಾಸಿಟರು, ರೆಸಿಸ್ಟರು, ತಾಮ್ರದ ಕಾಯಿಲು, ಸೋಲ್ಡರು ಎಲ್ಲ ಅಲ್ಲೇ. ಪ್ಲೈವುಡ್ಡಿಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟು. 18 ಎಂಎಂ ದಪ್ಪದ, ಎಂಟಡಿ ನಾಲ್ಕಡಿಯ ಒಂದು ಷೀಟಿನಲ್ಲಿ ಜೋಡಿ ಡಬ್ಬ ಆಗಿ ಇನ್ನೂ ಮಿಗುತ್ತೆ. ಕತ್ತರಿಸಿ ಕೊಟ್ಟಿದ್ದು ಕಾರ್ಪೆಂಟರು, ಫೆವಿಕಾಲ್ ಹಚ್ಚಿ ಕ್ಲಾಂಪ್ ಹಾಕಿದ್ದು ನಾನು.

‘ಇದೆಲ್ಲ ಯಾಕೆ ಬೇಕು, ಆನ್‌ಲೈನಲ್ಲಿ ಸಿಗಲ್ವಾ’ ಅಂತ ಕೇಳೋರಿಗೆ ನಾನು ಮೈಸೂರಿನ ಎಂ.ವಿ. ಗೋಪಾಲಸ್ವಾಮಿಯವರ ಕಥೆ ಹೇಳ್ತೀನಿ. ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್. 1935ರಲ್ಲಿ ತಮ್ಮ ಮನೆಯಲ್ಲೇ 30 ವಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಕೇಂದ್ರ ಶುರು ಮಾಡಿದರು. ಮೂವತ್ತು ವಾಟ್ ಅಂದರೆ ನಮ್ಮ ಹಳೇ ಟ್ಯೂಬ್‌ಲೈಟಿಗಿಂತ ಕಮ್ಮಿ. ಆಕಾಶವಾಣಿ ಅನ್ನೋ ಹೆಸರನ್ನು ಮೊದಲು ಇಟ್ಟುಕೊಂಡಿದ್ದು ಆ ಕೇಂದ್ರ, ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರಾಯಿತು. ಅವರ ಯಂತ್ರದ ಗುಣಮಟ್ಟವನ್ನು ಈಗ ಯಾರೂ ಮಾತಾಡಲ್ಲ. ಅದು ಯಾರನ್ನು ತಲುಪಿತು ಅನ್ನೋದನ್ನು ಮಾತಾಡ್ತಾರೆ. ಈ ತಲುಪೋ ವಿಷಯಕ್ಕೆ ಆಮೇಲೆ ಬರ್ತೀನಿ.

ಸ್ಪೀಕರ್ ಕಟ್ಟೋದು ಹಿಂದೆ ಅಂದಾಜಿನ ಕೆಲಸ ಆಗಿತ್ತು. ನೆವಿಲ್ ಥೀಲ್ ಅನ್ನೋ ಆಸ್ಟ್ರೇಲಿಯದ ಎಂಜಿನಿಯರು 1961ರಲ್ಲಿ ಒಂದು ಲೆಕ್ಕ ಕೊಟ್ಟರು. ಸಿಡ್ನಿಯಲ್ಲಿ ಸಂಶೋಧನೆ ಮಾಡ್ತಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಅದನ್ನು ಬೆಳೆಸಿದರು. ವೂಫರಿನ ಕೆಲವು ಅಂಕಿಗಳು ಗೊತ್ತಿದ್ದರೆ ಯಾವ ಅಳತೆಯ ಡಬ್ಬದಲ್ಲಿ ಅದು ಹೇಗೆ ನುಡಿಯುತ್ತೆ ಅಂತ ಮರ ಕೊಯ್ಯುವ ಮೊದಲೇ ಹೇಳಬಹುದು. ಈಗ ಅದನ್ನೆಲ್ಲ ಉಚಿತ ಸಾಫ್ಟ್‌ವೇರೇ ಮಾಡಿಕೊಡುತ್ತೆ. ಕಟ್ಟಿದ ಮೇಲೆ ಒಂದು ಅಳತೆಯ ಮೈಕ್ ಹಿಡಿದರೆ ಪರದೆ ಮೇಲೆ ಗೆರೆ ಬರುತ್ತೆ. ಅಡ್ಡಕ್ಕೆ 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ಉದ್ದಕ್ಕೆ ಡೆಸಿಬಲ್. ಗೆರೆ ಎಷ್ಟು ನೆಟ್ಟಗಿದ್ದರೆ ಸ್ಪೀಕರ್ ಅಷ್ಟು ನಿಷ್ಠ. ಒಳಗೆ ಬಂದದ್ದನ್ನು ಹಾಗೇ ಹೊರಗೆ ಕೊಡಬೇಕು, ತನ್ನದು ಅಂತ ಏನನ್ನೂ ಸೇರಿಸಬಾರದು. ವೀಣೆ ಮಾಡೋನು ತನ್ನ ವೀಣೆಗೆ ಅದರದ್ದೇ ಒಂದು ನಾದ ಇರಲಿ ಅಂತ ಬಯಸ್ತಾನೆ. ಸ್ಪೀಕರ್ ಮಾಡೋನು ತನ್ನ ಸ್ಪೀಕರಿಗೆ ಯಾವ ನಾದವೂ ಬೇಡ ಅಂತ ಬಯಸಬೇಕು. ಇಷ್ಟು ವಿನಯ ಬೇಡುವ ಕೆಲಸ ಇನ್ನೊಂದಿಲ್ಲ ಅಂತ ನನಗೆ ಅನ್ನಿಸಿದೆ.

ಆ ವಿನಯ ಸುಲಭಕ್ಕೆ ಬರಲ್ಲ. ಯಾಕೆಂದರೆ ‘ನಾನೇ ಮಾಡಿದ್ದು’ ಅನ್ನೋದು ಕಿವಿಗೆ ತುಂಬಾ ಇಂಪಾದ ಮಾತು. 2012ರಲ್ಲಿ ನಾರ್ಟನ್, ಮೋಚನ್, ಏರಿಯೆಲಿ ಅನ್ನೋ ಮೂವರು ಪ್ರಕಟಿಸಿದ ಪ್ರಯೋಗಗಳಿವೆ. ಜನ ತಾವೇ ಮಡಚಿದ ಕಾಗದದ ಕೊಕ್ಕರೆಗೆ ಕುಶಲಕರ್ಮಿಗಳು ಮಡಚಿದ್ದಕ್ಕೆ ಕೊಡುವಷ್ಟೇ ಬೆಲೆ ಕೊಟ್ಟರು. ಬೇರೆಯವರ ಕಣ್ಣಿಗೆ ಅದು ಮುದುಡಿದ ಕಾಗದ. ಸ್ಪೀಕರ್ ವಿಷಯದಲ್ಲಿ ಇನ್ನೂ ಹತ್ತಿರದ ಸಾಕ್ಷಿ ಇದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದೇ ಜನಕ್ಕೆ ಒಂದೇ ಸ್ಪೀಕರುಗಳನ್ನು ಎರಡು ಸಲ ಕೇಳಿಸಿದರು – ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆ ಹಿಂದೆ ಇಟ್ಟು. ಕಂಡಾಗ ದೊಡ್ಡದಾದ, ದುಬಾರಿಯಾದ ಡಬ್ಬಗಳಿಗೆ ಹೆಚ್ಚು ಅಂಕ, ಚಿಕ್ಕ ಅಗ್ಗದ್ದಕ್ಕೆ ಕಡಿಮೆ. ಪರದೆ ಬಿದ್ದ ಮೇಲೆ ಆ ಅಂತರ ಕುಗ್ಗಿಹೋಯಿತು. ಕೇಳಿದವರೆಲ್ಲ ದಾರಿಹೋಕರಲ್ಲ, ಆಡಿಯೊ ಕಂಪನಿಯಲ್ಲೇ ಕೆಲಸ ಮಾಡೋರು. ಹಾಗಾಗಿ ನಾನು ಕಟ್ಟಿದ್ದನ್ನು ನನ್ನ ಕಿವಿ ಹೊಗಳಿದರೆ ಅದನ್ನು ಸಾಕ್ಷಿ ಅಂತ ತಗೊಳ್ಳೋಕೆ ಆಗಲ್ಲ. ಮೈಕ್ ಹಿಡಿಯೋದೂ, ಪರದೆ ಕಟ್ಟಿ ಗೆಳೆಯರಿಗೆ ಕೇಳಿಸೋದೂ ತಾಂತ್ರಿಕ ಶಿಸ್ತು ಮಾತ್ರ ಅಲ್ಲ, ಅದು ಪ್ರಾಮಾಣಿಕತೆಯ ಒಂದು ಅಭ್ಯಾಸ.

ಸರಿ, ಗೆರೆ ನೆಟ್ಟಗೆ ಬಂತು ಅಂದ್ಕೊಳ್ಳಿ. ನಿಷ್ಠೆ ಮುಗೀತಾ? ಇಲ್ಲಿ ಟೂಲ್ ಅವರೇ ಒಂದು ತೊಡಕು ತೋರಿಸ್ತಾರೆ. ಅವರು ಅದನ್ನು ಗೊಂದಲದ ವೃತ್ತ ಅಂತ ಕರೆದರು. ಹಾಡನ್ನು ಮಿಕ್ಸ್ ಮಾಡೋನು ತನ್ನ ಸ್ಟುಡಿಯೊದ ಸ್ಪೀಕರಲ್ಲಿ ಕೇಳಿಕೊಂಡು ಮಾಡ್ತಾನೆ. ಆ ಸ್ಪೀಕರ್ ಮಂದವಾಗಿದ್ದರೆ ಹಾಡಿಗೆ ಚುರುಕು ಜಾಸ್ತಿ ಸೇರಿಸ್ತಾನೆ. ಆ ಹಾಡು ಹಾಕಿಕೊಂಡು ನಾವು ನಮ್ಮ ಸ್ಪೀಕರಿಗೆ ತೀರ್ಪು ಕೊಡ್ತೀವಿ. ಪಿ.ಬಿ. ಶ್ರೀನಿವಾಸ್ ಅವರ ಅರವತ್ತರ ದಶಕದ ಹಾಡುಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ಮೋನೊದಲ್ಲಿ ಧ್ವನಿಮುದ್ರಣ ಆದವು. ಅವನ್ನು ಜನ ಕೇಳಿದ್ದು ಟೆಂಟ್ ಸಿನಿಮಾದ ಹಾರ್ನ್ ಸ್ಪೀಕರಲ್ಲಿ, ರೇಡಿಯೊದಲ್ಲಿ, ಮದುವೆ ಮನೆ ಮೈಕ್ ಸೆಟ್ಟಲ್ಲಿ. ಅಂದು ಗಾಜಿನ ಆಚೆ ಕೂತ ಎಂಜಿನಿಯರು ಏನು ಕೇಳಿಸಿಕೊಂಡು ‘ಓಕೆ’ ಅಂದರೋ ಇಂದು ಯಾವ ಗೆರೆಯೂ ಹೇಳಲ್ಲ. ಹಾಗಿದ್ದರೂ ನೆಟ್ಟಗಿನ ಗೆರೆ ಬೇಕು, ಯಾಕೆಂದರೆ ಅದು ಕನಿಷ್ಠ ನನ್ನ ಕಡೆಯಿಂದ ಹೊಸ ಸುಳ್ಳು ಸೇರಿಸಲ್ಲ. ಆದರೆ ಅದನ್ನೇ ಪೂರ್ತಿ ಸತ್ಯ ಅಂತ ಪೂಜೆ ಮಾಡೋ ಹಾಗಿಲ್ಲ.

ಎರಡನೆಯ ನಿಷ್ಠೆ ಗೋಡೆಯಾಚೆಯವರಿಗೆ. ನಮ್ಮ ಬಡಾವಣೆಗಳಲ್ಲಿ ಎರಡು ಮನೆ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನಡೆಯೋಷ್ಟು ಜಾಗ. 40 ಹರ್ಟ್ಸ್‌ನ ಬೇಸ್ ಅಲೆ ಒಂದೊಂದೂ ಎಂಟೂವರೆ ಮೀಟರ್ ಉದ್ದ, ಅಂದರೆ ನಮ್ಮ ಹಾಲ್‌ಗಿಂತ ಉದ್ದ. ಮೇಲಿನ ಸ್ವರಗಳನ್ನು ಇಟ್ಟಿಗೆ ಗೋಡೆ ಬಹಳಷ್ಟು ತಡೆಯುತ್ತೆ, ಬೇಸನ್ನು ಅಷ್ಟಾಗಿ ತಡೆಯಲ್ಲ. ಹಾಗಾಗಿ ಪಕ್ಕದ ಮನೆಗೆ ನಮ್ಮ ಹಾಡು ಹೋಗಲ್ಲ, ಹಾಡಿನ ಗುದ್ದು ಮಾತ್ರ ಹೋಗುತ್ತೆ. ನಮಗೆ ಸಂಗೀತ, ಅವರಿಗೆ ಯಾರೋ ರಾತ್ರಿಯಿಡೀ ಮಂಚ ಎಳೆದ ಹಾಗೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ ಇಟ್ಟಿವೆ. ಮೈಸೂರು ರಸ್ತೆಯ ಹಾರ್ನುಗಳ ನಡುವೆ ಆ ಅಂಕಿ ನಗು ತರಿಸಬಹುದು. ಆದರೆ ರಸ್ತೆಯ ಗಲಾಟೆ ನನ್ನ ಕೈಯಲ್ಲಿಲ್ಲ, ನನ್ನ ಡಬ್ಬ ನನ್ನ ಕೈಯಲ್ಲಿದೆ. ಡಬ್ಬಕ್ಕೆ ಪಿವಿಸಿ ಪೈಪಿನ ಒಂದು ಪೋರ್ಟ್ ಇಟ್ಟರೆ ಬೇಸ್ ಇನ್ನೂ ಕೆಳಗೆ ಇಳಿಯುತ್ತೆ. ಪೂರ್ತಿ ಮುಚ್ಚಿದರೆ ಸ್ವಲ್ಪ ಬೇಗ ನಿಲ್ಲುತ್ತೆ. ನಾನು ಮುಚ್ಚಿದ ಡಬ್ಬ ಆರಿಸಿಕೊಂಡೆ. ಧ್ವನಿಮುದ್ರಣದ ಕೊನೆಯ ಕೆಲವು ಹರ್ಟ್ಸ್‌ಗೆ ನಾನು ನಿಷ್ಠನಾಗಲಿಲ್ಲ, ಪಕ್ಕದ ಮನೆಯಲ್ಲಿ ಪಿಯುಸಿ ಓದೋ ಹುಡುಗಿಗೆ ನಿಷ್ಠನಾದೆ. ಈ ಪ್ರಶ್ನೆ ಕಷ್ಟದ್ದಲ್ಲ, ಉತ್ತರ ಎಲ್ಲರಿಗೂ ಗೊತ್ತು, ಪಾಲಿಸೋದಷ್ಟೇ ಕಷ್ಟ.

ನಿಜವಾಗಿ ಕಷ್ಟದ ಪ್ರಶ್ನೆ ಬಂದಿದ್ದು ಮೂರನೆಯವರಿಂದ. ನನ್ನ ಅಪ್ಪ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ನಿವೃತ್ತರಾಗಿ ಹದಿನೈದು ವರ್ಷದ ಮೇಲಾಯ್ತು. ‘ಶಾಲೆ’ ಅನ್ನೋದನ್ನ ‘ಸಾಲೆ’ ಅಂದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸ್ತಿದ್ದರಂತೆ. ಇತ್ತೀಚೆಗೆ ಅವರು ಹಳೇ ಹಾಡು ಕೇಳುವಾಗ ‘ಏನಂದ ಅವನು? ಸಾಹಿತ್ಯನೇ ಗೊತ್ತಾಗಲ್ಲ, ಈ ಟೀವಿ ಸ್ಪೀಕರ್ರೇ ಸರಿಯಿಲ್ಲ’ ಅನ್ನೋಕೆ ಶುರು ಮಾಡಿದರು. ಜೋರು ಮಾಡಿದರೆ ‘ಯಾಕೆ ಕಿವಿ ಕಿತ್ತುಹೋಗೋ ಹಾಗೆ ಹಾಕ್ತೀಯ’ ಅನ್ನೋರು. ವಯಸ್ಸಾದ ಕಿವಿಯ ಸ್ವಭಾವವೇ ಅದು. ಒಳಗಿವಿಯ ಕೂದಲಿನಂಥ ಜೀವಕೋಶಗಳಲ್ಲಿ ಮೊದಲು ಸಾಯೋದು ಮೇಲಿನ ಸ್ವರಗಳನ್ನು ಹಿಡಿಯೋವು, ಸತ್ತವು ಮತ್ತೆ ಹುಟ್ಟಲ್ಲ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಹರ್ಟ್ಸ್‌ಗಳಲ್ಲಿ ಇರೋದರಿಂದ ಸದ್ದು ಕೇಳಿಸುತ್ತೆ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಎರಡು ಸಾವಿರದಿಂದ ಎಂಟು ಸಾವಿರ ಹರ್ಟ್ಸ್ ನಡುವೆ ಇರೋದರಿಂದ ಮಾತು ಒಡೆದು ಕೇಳಲ್ಲ. ಜೋರಾದರೆ ಸಹಿಸೋಕಾಗಲ್ಲ, ಮೆತ್ತಗಾದರೆ ಅರ್ಥವಾಗಲ್ಲ. ಸಕಾರ ಶಕಾರಕ್ಕಾಗಿ ಮೂವತ್ತು ವರ್ಷ ಹೋರಾಡಿದ ಮನುಷ್ಯನಿಗೆ ಅವೆರಡೂ ಒಂದೇ ಆಗಿ ಕೇಳ್ತಿವೆ.

ಈಗ ನನ್ನ ಕೈಯಲ್ಲಿ ಸೋಲ್ಡರಿಂಗ್ ಐರನ್ ಇದೆ. ನನ್ನ ಟ್ವೀಟರ್ ವೂಫರಿಗಿಂತ ನಾಲ್ಕು ಡೆಸಿಬಲ್ ಜೋರು. ಗೆರೆ ನೆಟ್ಟಗೆ ಬರಬೇಕಾದರೆ ರೆಸಿಸ್ಟರ್ ಹಾಕಿ ಅದನ್ನು ತಗ್ಗಿಸಬೇಕು. ಎರಡಕ್ಕೂ ಪಾಲು ಮಾಡಿರೋದು ಸುಮಾರು 2,500 ಹರ್ಟ್ಸ್ ಹತ್ತಿರ, ಅಂದರೆ ಅಪ್ಪ ಕಳೆದುಕೊಂಡ ಅಕ್ಷರಗಳು ಶುರುವಾಗೋ ಕಡೆ. ಆ ರೆಸಿಸ್ಟರನ್ನು ಚಿಕ್ಕದು ಮಾಡಿದರೆ ಸಾಕು. ಅಪ್ಪನಿಗೆ ಮಾತು ಸ್ವಲ್ಪ ಬಿಡಿಸಿ ಕೇಳುತ್ತೆ. ಯಾರಿಗೂ ಗೊತ್ತಾಗಲ್ಲ. ಅವರು ‘ನಮ್ಮ ಹುಡುಗ ಮಾಡಿದ ಸ್ಪೀಕರ್ ನೋಡಿ, ಒಂದೊಂದು ಪದವೂ ಕೇಳುತ್ತೆ’ ಅಂತ ಬಂದವರಿಗೆಲ್ಲ ಹೇಳ್ತಾರೆ. ನನಗೂ ಹೊಗಳಿಕೆ, ಅವರಿಗೂ ಸಮಾಧಾನ. ತೊಂದರೆ ಏನು?

ಆಫೀಸಿನ ಗೆಳತಿಯೊಬ್ಬಳಿಗೆ ಇದನ್ನು ಹೇಳಿದೆ. ‘ಇದರಲ್ಲಿ ತತ್ವ ಏನೋ ಬಂತು? ಅವರ ಫೋನಲ್ಲಿ ಫಾಂಟ್ ದೊಡ್ಡದು ಮಾಡಿಕೊಟ್ಟಿಲ್ವಾ? ಸಾರಿಗೆ ಉಪ್ಪು ಕಮ್ಮಿ ಹಾಕಲ್ವಾ? ಸುಮ್ನೆ ರೆಸಿಸ್ಟರ್ ಬದಲಾಯಿಸು, ಅಪ್ಪ ಖುಷಿಯಾಗಿರ್ಲಿ’ ಅಂದಳು. ತಳ್ಳಿಹಾಕುವಂಥ ಮಾತಲ್ಲ. ಕೇಳೋನಿಗೆ ಕೇಳಿಸದೆ ಇರೋ ನಿಷ್ಠೆ ಇಟ್ಟುಕೊಂಡು ಏನು ಮಾಡೋದು? ಇಪ್ಪತ್ತು ಸಾವಿರ ಹರ್ಟ್ಸ್‌ವರೆಗೆ ನೆಟ್ಟಗೆ ಓಡೋ ಗೆರೆ ಅಪ್ಪನ ಪಾಲಿಗೆ ಮೂರು ಸಾವಿರದಲ್ಲೇ ಮುಗಿದುಹೋಗುತ್ತೆ. ಅವರ ಕಿವಿಯನ್ನು ಲೆಕ್ಕಕ್ಕೆ ತಗೊಳ್ಳದ ಗುಣಮಟ್ಟ, ಕುರುಡನ ಮುಂದೆ ಹಿಡಿದ ದೀಪದ ಹಾಗೆ.

ಆದರೂ ಫಾಂಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಫಾಂಟ್ ದೊಡ್ಡದಾಗಿದೆ ಅನ್ನೋದು ಅಪ್ಪನಿಗೆ ಕಾಣುತ್ತೆ. ತನ್ನ ಕಣ್ಣು ಮಂಜಾಗಿದೆ, ಅದಕ್ಕೇ ಇದು, ಅಂತ ಅವರಿಗೆ ಗೊತ್ತು. ಗುಟ್ಟಾಗಿ ಬದಲಾಯಿಸಿದ ರೆಸಿಸ್ಟರ್ ಏನು ಹೇಳುತ್ತೆ? ‘ನಿಮ್ಮ ಕಿವಿ ಚೆನ್ನಾಗೇ ಇದೆ, ಹಳೇ ಸ್ಪೀಕರ್ ಕೆಟ್ಟದ್ದು’ ಅನ್ನುತ್ತೆ. ಅದು ಸದ್ದಿನ ಬಗ್ಗೆ ಹೇಳಿದ ಸುಳ್ಳಲ್ಲ, ಅವರ ಬಗ್ಗೆ ಅವರಿಗೇ ಹೇಳಿದ ಸುಳ್ಳು. ಮತ್ತೆ ಅದರ ಬೆಲೆಯನ್ನು ನಾನು ಕೊಡಲ್ಲ, ಅವರು ಕೊಡ್ತಾರೆ. ಸ್ಪೀಕರ್ ಮುಂದೆ ಎಲ್ಲ ಸರಿಯಿದೆ ಅಂದುಕೊಂಡೋರು ಕಿವಿ ಪರೀಕ್ಷೆಗೆ ಹೋಗಲ್ಲ. ಮೊಮ್ಮಗಳ ಮಾತು, ಬಸ್ ಕಂಡಕ್ಟರ್ ಮಾತು, ಡಾಕ್ಟರ್ ಹೇಳಿದ ಮಾತ್ರೆ ಹೆಸರು, ಇವಕ್ಕೆ ನನ್ನ ರೆಸಿಸ್ಟರ್ ಇಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2017, 2020, 2024 – ಮೂರೂ ವರದಿಗಳಲ್ಲಿ ಡಿಮೆನ್ಷಿಯಾಗೆ ಸಂಬಂಧಿಸಿದ, ನಾವು ಏನಾದರೂ ಮಾಡಬಹುದಾದ ಅಪಾಯಗಳ ಪಟ್ಟಿಯಲ್ಲಿ ಕಿವಿ ಮಂದವಾಗೋದನ್ನು ಸೇರಿಸಿದೆ. ಕೇಳದೆ ಇರೋನು ನಿಧಾನಕ್ಕೆ ಮಾತೂ ಬಿಡ್ತಾನೆ, ಜನರನ್ನೂ ಬಿಡ್ತಾನೆ. ನಮ್ಮ ಮೈಸೂರಿನಲ್ಲೇ ಅರವತ್ತರ ದಶಕದಿಂದ ವಾಕ್ ಶ್ರವಣ ಸಂಸ್ಥೆ ಇದೆ, ದೊಡ್ಡ ಊರುಗಳಲ್ಲಿ ಆಡಿಯಾಲಜಿಸ್ಟ್‌ಗಳಿದ್ದಾರೆ. ಇಷ್ಟೆಲ್ಲ ಇದ್ದೂ ಪರೀಕ್ಷೆ ತಪ್ಪಿಸೋದು ಇಂಥ ಸಣ್ಣ ಸಣ್ಣ ಪ್ರೀತಿಯ ಸುಳ್ಳುಗಳೇ.

ಹಾಗಂತ ‘ಅಪ್ಪ, ನಿಮ್ಮ ಕಿವಿ ಹೋಗಿದೆ’ ಅಂತ ಎದುರಿಗೆ ನಿಂತು ಹೇಳೋದೂ ನಿಷ್ಠೆಯಲ್ಲ. ಅವರು ಕೇಳಿಲ್ಲ. ಸತ್ಯ ಹೇಳ್ತೀನಿ ಅಂತ ಹೊರಟವರು ಎಷ್ಟೋ ಸಲ ಎದುರಿನವರ ಮರ್ಯಾದೆ ತೆಗೆದು ಬರ್ತಾರೆ. ಜೊತೆಗೆ ಅದು ಅವರ ಕಿವಿ. ಎಷ್ಟು ತಿಳ್ಕೋಬೇಕು, ಯಾವಾಗ ತಿಳ್ಕೋಬೇಕು ಅನ್ನೋದರಲ್ಲಿ ಅವರಿಗೂ ಹಕ್ಕಿದೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಸ್ಪೀಕರನ್ನು ನೆಟ್ಟಗೇ ಕಟ್ಟಿದೆ. ಮೂರು ಹಂತದ ಒಂದು ಸ್ವಿಚ್ ಹಾಕಿದೆ: ಸೊನ್ನೆ, ಎರಡು, ನಾಲ್ಕು ಡೆಸಿಬಲ್. ಇಂಥ ಸ್ವಿಚ್ಚನ್ನು ಹಿಂಬದಿಯಲ್ಲಿ ಬಚ್ಚಿಡೋದು ವಾಡಿಕೆ. ನಾನು ಮುಂದೆ ಇಟ್ಟೆ, ಪಕ್ಕದಲ್ಲಿ ಕನ್ನಡ ಅಂಕಿ ಬರೆದೆ. ಅಪ್ಪ ಕೇಳಿದರು, ‘ಇದೇನೋ ಇದು?’

‘ಅಕ್ಷರ ಬಿಡಿಸಿ ಕೇಳೋಕೆ ಅಪ್ಪ. ಸೊನ್ನೆಯಲ್ಲಿಟ್ಟರೆ ಹಾಡು ಹೇಗಿದೆಯೋ ಹಾಗೆ. ತಿರುಗಿಸಿದರೆ ಸಕಾರ ಶಕಾರ ಮುಂದೆ ಬರುತ್ತೆ. ನೀವೇ ನೋಡ್ಕೊಳ್ಳಿ.’

ಒಂದು ವಾರ ಏನೂ ಮಾತಾಡಲಿಲ್ಲ. ಸ್ವಿಚ್ ಯಾವಾಗಲೂ ನಾಲ್ಕರಲ್ಲೇ ಇರ್ತಿತ್ತು. ಆಮೇಲೆ ಒಂದು ದಿನ ಕಾಫಿ ಕುಡೀತಾ, ‘ನೀನು ಯಾವುದರಲ್ಲಿ ಇಟ್ಟು ಕೇಳ್ತೀಯ?’ ಅಂದರು. ‘ಸೊನ್ನೆ’ ಅಂದೆ. ‘ಹಾಗಾದ್ರೆ ನಾಲ್ಕು ನನ್ನ ಲೆಕ್ಕದ್ದು’ ಅಂದರು. ಮುಂದಿನ ತಿಂಗಳು ಪರೀಕ್ಷೆ ಮಾಡಿಸಿಕೊಂಡು ಬಂದೆವು. ಆಡಿಯೋಗ್ರಾಂ ಅಂತ ಕೊಡೋ ಕಾಗದವೂ ಸ್ಪೀಕರಿನ ಗ್ರಾಫಿನ ಹಾಗೇ ಇರುತ್ತೆ, ಅಡ್ಡಕ್ಕೆ ಹರ್ಟ್ಸ್, ಉದ್ದಕ್ಕೆ ಡೆಸಿಬಲ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಪ್ಪ, ‘ನಿನ್ನ ಡಬ್ಬದ ಗೆರೆ ನೆಟ್ಟಗಿದೆ, ನನ್ನದು ಇಳಿಜಾರು’ ಅಂದರು. ನಗ್ತಾನೇ ಅಂದರು, ಆದರೆ ಆ ನಗುವಿನಲ್ಲಿ ನೋವಿರಲಿಲ್ಲ ಅಂತ ನಾನು ಹೇಳಲ್ಲ. ಕಿವಿಗೆ ಮೆಷಿನ್ ಹಾಕಿಕೊಳ್ಳೋದಾ ಬೇಡವಾ ಅಂತ ಇನ್ನೂ ಯೋಚಿಸ್ತಿದ್ದಾರೆ. ಅದು ಅವರ ತೀರ್ಮಾನ. ನಾಲ್ಕು ಡೆಸಿಬಲ್ಲಿನ ಸ್ವಿಚ್ ಅದಕ್ಕೆ ಬದಲಿ ಅಲ್ಲ ಅನ್ನೋದು ಮಾತ್ರ ಅವರಿಗೆ ಈಗ ಗೊತ್ತು.

ಇದರಿಂದ ನನಗೆ ಹೊಳೆದಿದ್ದು ಇಷ್ಟೆ. ಸತ್ಯಕ್ಕೂ ಪ್ರೀತಿಗೂ ಜಗಳ ಬಂತು ಅಂತ ನಾವು ಅಂದುಕೊಳ್ಳೋ ಎಷ್ಟೋ ಕಡೆ ನಿಜವಾದ ಪ್ರಶ್ನೆ ಬೇರೆ ಇರುತ್ತೆ: ಬದಲಾವಣೆ ಯಾರ ಕೈಯಲ್ಲಿದೆ, ಅದು ಯಾರಿಗೆ ಕಾಣ್ತಿದೆ? ಹೇಳಿದ್ದು ಸತ್ಯವಾಗಿದ್ದರೆ ಸಾಲದು, ತಲುಪಬೇಕು, ಸರಿ. ತಲುಪಿಸೋಕೆ ಅಂತ ಮಾಡಿದ ತಿದ್ದುಪಡಿಯನ್ನು ಬಚ್ಚಿಟ್ಟರೆ ಮಾತ್ರ ಅದು ದಯೆಯಾಗಿ ಉಳಿಯಲ್ಲ, ಯಜಮಾನಿಕೆ ಆಗುತ್ತೆ. ‘ನಿನಗೆ ಏನು ಕೇಳಬೇಕು ಅನ್ನೋದನ್ನ ನಾನು ನೋಡ್ಕೊಳ್ತೀನಿ’ ಅನ್ನೋ ಯಜಮಾನಿಕೆ.

ನಾವು ಬೆಳಗ್ಗೆಯಿಂದ ರಾತ್ರಿವರೆಗೆ ಮಾಡೋ ಕೆಲಸದಲ್ಲಿ ಇಂಥ ರೆಸಿಸ್ಟರುಗಳು ಎಷ್ಟಿವೆ ಯೋಚನೆ ಮಾಡಿ. ಕೇಳದೇನೇ ಮುಖ ನುಣುಪು ಮಾಡೋ ಕ್ಯಾಮೆರಾ. ನಮಗೆ ಇಷ್ಟವಾದದ್ದನ್ನೇ ಮೇಲೆ ತಂದು ತೋರಿಸೋ ಆ್ಯಪು. ಬಾಸ್‌ಗೆ ಬೇಜಾರಾಗದ ಹಾಗೆ ಬಣ್ಣ ಬದಲಾಯಿಸಿದ ಡ್ಯಾಶ್‌ಬೋರ್ಡು. ಟೀಮಿನ ಹೊಸ ಹುಡುಗಿಗೆ ‘ತುಂಬಾ ಚೆನ್ನಾಗಿದೆ’ ಅಂತ ಹೇಳಿ ರಾತ್ರಿ ಕೂತು ನಾವೇ ತಿದ್ದೋ ಅವಳ ಕೋಡು. ಎಲ್ಲವೂ ಒಳ್ಳೇ ಮನಸ್ಸಿಂದಲೇ ಶುರುವಾಗಿರುತ್ತೆ. ಯಾವುದರಲ್ಲೂ ಎದುರಿನವರ ಕೈಗೆ ಸಿಗೋ ಒಂದು ಸ್ವಿಚ್ ಇರಲ್ಲ, ಸೊನ್ನೆ ಎಲ್ಲಿದೆ ಅಂತ ಬರೆದಿರಲ್ಲ.

ಹೈ ಫಿಡೆಲಿಟಿ ಅನ್ನೋದಕ್ಕೆ ನನಗೀಗ ಸಿಕ್ಕಿರೋ ಅರ್ಥ ಇದು. ಹಾಡಿಗೆ ನಿಷ್ಠೆ ಅಂದರೆ ನಮ್ಮದನ್ನು ಸೇರಿಸದೆ ಇರೋದು. ಪಕ್ಕದ ಮನೆಗೆ ನಿಷ್ಠೆ ಅಂದರೆ ನಮ್ಮದನ್ನು ನಮ್ಮಲ್ಲೇ ಇಟ್ಟುಕೊಳ್ಳೋದು. ಕೇಳೋನಿಗೆ ನಿಷ್ಠೆ ಅಂದರೆ ಬೇಕಾದ ಬದಲಾವಣೆ ಮಾಡಿ, ಮಾಡಿದ್ದೀನಿ ಅಂತ ಹೇಳಿ, ಹಿಂದಕ್ಕೆ ತಿರುಗಿಸೋ ಅಧಿಕಾರವನ್ನು ಅವರಿಗೇ ಬಿಡೋದು. ಮೊದಲನೆಯದನ್ನು ಅಳೆಯೋಕೆ ಮೈಕ್ ಇದೆ, ಎರಡನೆಯದಕ್ಕೆ ಕಾನೂನಿದೆ. ಮೂರನೆಯದಕ್ಕೆ ಅಂಥದ್ದೇನೂ ಇಲ್ಲ, ಅದನ್ನು ನಾವೇ ನೋಡ್ಕೋಬೇಕು.